ಗೋಡೆಗೆ ತೂಗುಹಾಕಿದ ಗೊರಬೆ

ಮರ್ಕಂಜದಿಂದ ಬಂದಿದ್ದ ಅಜ್ಜಿಯನ್ನು ಒಂದು ಭಾನುವಾರ ಹಳೇ ಸಾಮಾನುಗಳ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಯಾವ ಮ್ಯೂಸಿಯಂ ಅನ್ನೋದು ಬೇಡ, ಈ ಕತೆ ಎಲ್ಲಿ ಬೇಕಾದರೂ ನಡೆಯಬಹುದಿತ್ತು. ಅಲ್ಲಿ ಗೋಡೆಗೆ ಒಂದು ಗೊರಬೆ ತೂಗುಹಾಕಿದ್ದರು. ಬಿದಿರಿನ ಸೀಳು ಹೆಣೆದು, ನಡುವೆ ಎಲೆ ತುಂಬಿ ಮಾಡಿದ ಮಳೆಯ ಹೊದಿಕೆ. ಕೆಳಗಿನ ಚೀಟಿಯಲ್ಲಿ ಎರಡೇ ಪದ: ಗೊರಬೆ, ಬಿದಿರು. ಪಕ್ಕದಲ್ಲಿದ್ದ ಹುಡುಗನೊಬ್ಬ ಅದನ್ನು ತೊಟ್ಟಿಲು ಅಂದ. ಅವನ ತಪ್ಪೇನಿಲ್ಲ, ಹಾಗೆ ನೇತುಹಾಕಿದರೆ ಅದು ತೊಟ್ಟಿಲೇ. ಅಜ್ಜಿ ನಕ್ಕು, ‘ಇದು ನಿಂತವರಿಗಲ್ಲ ಮಗಾ, ಬಗ್ಗಿದವರಿಗೆ’ ಅಂದರು. ಅಲ್ಲೇ ಸೊಂಟ ಬಗ್ಗಿಸಿ ನೇಜಿ ನೆಡುವ ಹಾಗೆ ಕೈಯಾಡಿಸಿಯೂ ತೋರಿಸಿದರು.

ಆಷಾಢದ ಮಳೆಯಲ್ಲಿ ನೇಜಿ ನೆಡುವವಳ ಎರಡು ಕೈಯೂ ಕೆಸರಲ್ಲಿ. ಕೊಡೆ ಹಿಡಿಯೋದು ಯಾರು? ಮೈ ಅರ್ಧಕ್ಕೆ ಮಡಚಿರುವಾಗ ಮಳೆ ಬೀಳೋದು ಬೆನ್ನಿನ ಮೇಲೆ. ಹಾಗಾಗಿ ಗೊರಬೆ ತಲೆಯಿಂದ ಶುರುವಾಗಿ ಸೊಂಟದವರೆಗೆ ಬೆನ್ನನ್ನು ಮುಚ್ಚುತ್ತದೆ, ಕೈ ತಾಗಿಸದೆ ತಾನಾಗಿ ನಿಲ್ಲುತ್ತದೆ. ಅದನ್ನು ಹೆಣೆದವನು ಮೊದಲು ನೋಡಿದ್ದು ಬಗ್ಗಿದ ಮೈಯನ್ನು. ಎರ್ಗೊನಾಮಿಕ್ಸ್ ಅಂದರೆ ಇದೇ ತಾನೇ?

ನಮಗೆ ಈ ಪದ ಗೊತ್ತಿರೋದು ಆಫೀಸಿನ ಪೋಸ್ಟರ್‌ನಿಂದ. ಮಾನಿಟರ್ ಕಣ್ಣಿನ ಮಟ್ಟಕ್ಕಿರಲಿ, ಮೊಣಕೈ 90 ಡಿಗ್ರಿ ಇರಲಿ, ಇತ್ಯಾದಿ. ಪದ ಹುಟ್ಟಿದ್ದು 1857ರಲ್ಲಿ, ಪೋಲೆಂಡಿನ ಯಾಸ್ಟ್ರ್‌ಜೆಂಬೊವ್‌ಸ್ಕಿ ಎಂಬ ವಿಜ್ಞಾನಿಯ ಲೇಖನಿಯಲ್ಲಿ. ಅದಕ್ಕೆ ಬಲ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಅಮೆರಿಕದ ಬಿ-17 ವಿಮಾನಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲಾಪ್ ಎತ್ತಲು ಹೋಗಿ ಚಕ್ರವನ್ನೇ ಒಳಗೆಳೆದುಕೊಳ್ಳುತ್ತಿದ್ದರು. ಎರಡರ ಸ್ವಿಚ್ಚೂ ಅಕ್ಕಪಕ್ಕ, ನೋಡಲು ಒಂದೇ ಥರ. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಒಂದಕ್ಕೆ ಚಕ್ರದ ಆಕಾರದ ಹಿಡಿ, ಇನ್ನೊಂದಕ್ಕೆ ಫ್ಲಾಪಿನ ಆಕಾರದ ಹಿಡಿ ಸೂಚಿಸಿದ. ಬಗ್ ಇದ್ದದ್ದು ಪೈಲಟ್‌ನಲ್ಲಲ್ಲ, ಇಂಟರ್‌ಫೇಸ್‌ನಲ್ಲಿ. (ಇದನ್ನು ನಮ್ಮ ಟೀಮಿನ ಗೋಡೆಗೆ ಅಂಟಿಸಬೇಕು ಅಂತ ನಂಗೆ ಬಹಳ ದಿನದ ಆಸೆ.)

ಇಂಥ ರಸವತ್ತಾದ ವಿಷಯಕ್ಕೆ ನಮ್ಮ ಮ್ಯೂಸಿಯಂಗಳಲ್ಲಿ ಜಾಗ ಎಲ್ಲಿದೆ? ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ 1962ರಿಂದ ಇದೆ. ಎಂಜಿನ್‌ಗೆ ಒಂದು ಹಾಲ್, ಎಲೆಕ್ಟ್ರಾನಿಕ್ಸ್‌ಗೆ ಒಂದು ಹಾಲ್. ಆ ಎಂಜಿನ್ ಮುಂದೆ ಎಂಟು ಗಂಟೆ ನಿಂತವನ ಮಂಡಿಯ ಕತೆಗೆ ಹಾಲ್ ಇಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಲ್ಲಿ ನೇಗಿಲು, ಒರಳು, ಬೀಸುಕಲ್ಲುಗಳ ದೊಡ್ಡ ಸಂಗ್ರಹವೇ ಇದೆ. ಅವರು ಕೂಡಿಡದಿದ್ದರೆ ಎಷ್ಟೋ ವಸ್ತು ಒಲೆಗೆ ಹೋಗಿರುತ್ತಿದ್ದವು, ಆ ಋಣ ದೊಡ್ಡದು. ಆದರೆ ಅವನ್ನು ನಾವು ನೋಡೋದು ‘ಸಂಸ್ಕೃತಿ’ ಅಂತ. ವಿಜ್ಞಾನ ಒಂದು ಕಟ್ಟಡದಲ್ಲಿ, ಸಂಸ್ಕೃತಿ ಇನ್ನೊಂದರಲ್ಲಿ, ಮೈ ಎರಡರಲ್ಲೂ ಇಲ್ಲ.

1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಸರ್ಕಾರಕ್ಕೆ ಕೊಟ್ಟ ‘ಇಂಡಿಯಾ ರಿಪೋರ್ಟ್’ನಲ್ಲಿ ಲೋಟಾ ಬಗ್ಗೆ, ಅಂದರೆ ನಮ್ಮ ತಂಬಿಗೆ-ಚೆಂಬಿನ ಬಗ್ಗೆ, ಬರೆದಿದ್ದಾರೆ. ಅವರ ಪ್ರಶ್ನೆಗಳಲ್ಲಿ ಹಲವು ಮೈಗೆ ಸಂಬಂಧಿಸಿದವು: ಹೊರುವುದು ತಲೆಯ ಮೇಲೋ ಸೊಂಟದಲ್ಲೋ, ತುಂಬಿದಾಗ ತೂಕ ಹೇಗೆ ನಿಲ್ಲುತ್ತದೆ, ಸುರಿಯುವಾಗ ಹೇಗೆ. ಆ ವರದಿಯಿಂದಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಚೆಂಬಿನ ಪಕ್ಕ ‘ಹಿತ್ತಾಳೆ’ ಅಂತ ಮಾತ್ರ ಬರೆಯುವ ನಮ್ಮ ಚೀಟಿಗಳು ಆ ಪ್ರಶ್ನೆಗಳಲ್ಲಿ ಒಂದನ್ನಾದರೂ ಸಾಲ ತಗೊಳ್ಳಬಹುದು.

ಹಾಗಂತ ‘ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು’ ಎಂಬ ವಾಟ್ಸಾಪ್ ಪ್ರದರ್ಶನ ಬಂದರೆ ನಾನಂತೂ ಟಿಕೆಟ್ ತಗೊಳ್ಳಲ್ಲ. ಗೊರಬೆ ಮಳೆ ತಡೆಯಿತು, ಬೆನ್ನು ಉಳಿಸಲಿಲ್ಲ. ಅಜ್ಜಿ ಈಗ ಗದ್ದೆ ಇಲ್ಲದಿದ್ದರೂ ಬಗ್ಗಿಯೇ ನಡೆಯುತ್ತಾರೆ. ನೇಜಿ ನೆಡುವ ಕೆಲಸ ಹೆಂಗಸರದ್ದೇ ಯಾಕಾಯಿತು, ಗದ್ದೆ ಯಾರದ್ದು, ಬೆನ್ನು ಯಾರದ್ದು ಎಂಬುದೂ ಆ ಚೀಟಿಯಲ್ಲಿ ಬರಬೇಕಾದ ವಿಷಯವೇ. ನಮ್ಮೂರಿನ ಅಡಿಕೆ ತೋಟವನ್ನೇ ನೋಡಿ. ಕಾಲಿಗೆ ತಳೆ ಹಾಕಿ ಮರ ಹತ್ತುತ್ತಿದ್ದವರು ಪಾದ ಸವೆಸಿಕೊಂಡರು, ಬಿದ್ದವರು ಹಾಸಿಗೆ ಹಿಡಿದರು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಗೊನೆ ಇಳಿಸಬಹುದು, ಬೀಳುವ ಭಯವಿಲ್ಲ. ಆದರೆ ದಿನವಿಡೀ ಕತ್ತೆತ್ತಿ ನೋಡಿದ ಅಪ್ಪ ರಾತ್ರಿ ಕುತ್ತಿಗೆಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ನೋವು ಕಾಲಿನಿಂದ ಕುತ್ತಿಗೆಗೆ ಟ್ರಾನ್ಸ್‌ಫರ್ ಆಗಿದೆ. ತಳೆ ಮತ್ತು ದೋಟಿಯನ್ನು ಅಕ್ಕಪಕ್ಕ ಇಟ್ಟು ಇಷ್ಟನ್ನು ಹೇಳಿದರೆ ಅದಕ್ಕಿಂತ ಒಳ್ಳೆ ಎರ್ಗೊನಾಮಿಕ್ಸ್ ಪಾಠ ಬೇಕಾ?

ವಿದೇಶದಲ್ಲೆಲ್ಲ ಸರಿಯಿದೆ ಅಂತಲೂ ಅಲ್ಲ. ಐಟಿಯವರ ಕನಸಿನ ಕುರ್ಚಿ ಏರಾನ್, ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನ ಸಂಗ್ರಹ ಸೇರಿದೆ. ಸಂಗ್ರಹ ಸೇರಿದ ಮೇಲೆ ಅದು ಬರೀ ನೋಡುವ ಕುರ್ಚಿ. ನಂಗೆ ಬೇಕಾಗಿರೋದು ಕೂತು ನೋಡಬಹುದಾದ ಪ್ರದರ್ಶನ. ತುರಿಮಣೆಯ ಮೇಲೆ ಕೂತು ಮೈಭಾರವೇ ಅದನ್ನು ಅಲುಗದಂತೆ ಹಿಡಿಯೋದು ಗೊತ್ತಾಗಬೇಕು. ವಿನ್ಯಾಸ ಸಂಸ್ಥೆಯ ದೇವಕುಮಾರ್ ಚಕ್ರವರ್ತಿಯವರು ಭಾರತೀಯರ ಮೈಯಳತೆಗಳನ್ನು 1997ರಲ್ಲೇ ಪುಸ್ತಕವಾಗಿ ತಂದಿದ್ದಾರೆ. ಒಂದು ಅಳತೆಗೋಲು ನಿಲ್ಲಿಸಿದರೆ ಸಾಕು, ನನ್ನ ಮಂಡಿಯ ಎತ್ತರ ಎಷ್ಟು, ನನ್ನ ಆಫೀಸ್ ಕುರ್ಚಿ ಯಾರ ಮಂಡಿಗೆ ಮಾಡಿದ್ದು ಅಂತ ನಾನೇ ನೋಡಿಕೊಳ್ತೇನೆ.

ಮಂಗಳೂರಿನ ಪಿಲಿಕುಳದಲ್ಲಿ ಇದನ್ನು ಶುರು ಮಾಡೋದು ಸುಲಭ. ಅಲ್ಲಿ ವಿಜ್ಞಾನ ಕೇಂದ್ರವೂ ಇದೆ, ಗುತ್ತಿನ ಮನೆಯೂ ಇದೆ, ಕುಶಲಕರ್ಮಿಗಳ ಗ್ರಾಮವೂ ಇದೆ, ಎಲ್ಲ ಒಂದೇ ಆವರಣದಲ್ಲಿ. ಅಲ್ಲಿಂದ ಒಂದು ಗೊರಬೆ ವಿಜ್ಞಾನ ಕೇಂದ್ರಕ್ಕೆ ನಡೆದುಬಂದರೆ ಆಯಿತು. ಬಗ್ಗಿದ ಒಂದು ಗೊಂಬೆಯ ಮೇಲೆ ಹೊದಿಸಿ, ಪಕ್ಕದಲ್ಲಿ ಇನ್ನೊಂದನ್ನು ಮಕ್ಕಳಿಗೆ ಹಾಕಿಕೊಳ್ಳಲು ಬಿಡಿ.

ಆ ಭಾನುವಾರದ ಮ್ಯೂಸಿಯಂನಲ್ಲಿ ಚೀಟಿಗಳೆಲ್ಲ ಮಂಡಿಯ ಎತ್ತರದಲ್ಲಿದ್ದವು, ಅಕ್ಷರ ಇರುವೆಯಷ್ಟು. ಕೂರಲು ಒಂದು ಬೆಂಚೂ ಇರಲಿಲ್ಲ. ಅಜ್ಜಿ ಕೊನೆಗೆ ಒರಳುಕಲ್ಲು ಇಟ್ಟಿದ್ದ ಕಟ್ಟೆಯ ಅಂಚಿಗೆ ಕೂತರು. ಕಾವಲಿನವನು ಓಡಿ ಬಂದು, ‘ಅಲ್ಲಿ ಕೂರಬಾರದು ಅಮ್ಮಾ, ಅದು ಎಕ್ಸಿಬಿಟ್’ ಅಂದ. ಅಜ್ಜಿ ಕಲ್ಲಿಗೆ ಕೈಯೂರಿ ಎದ್ದರು.