ಗೀರಿಲ್ಲದ ನಳಿಗೆ

ಮಳಖೇಡ ಕೋಟೆಗೆ ಹೋದಾಗಲೆಲ್ಲ ಬುರುಜಿನ ಕಿಂಡಿಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತೇನೆ. ಆಚೆ ಕಾಗಿಣಾ ಹೊಳೆ. 1685ರಲ್ಲಿ ಔರಂಗಜೇಬನ ಮಗ ಷಾ ಆಲಂ ಗೋಲ್ಕೊಂಡದ ಮೇಲೆ ದಂಡೆತ್ತಿ ಹೊರಟಾಗ ಎದುರಾಳಿ ಪಡೆ ಅಡ್ಡಗಟ್ಟಿದ್ದು ಇದೇ ಸೀಮೆಯಲ್ಲಿ. ಆಗಿನ ಬತ್ತಿ ಬಂದೂಕಿನ ನಳಿಗೆ ಒಳಗೆಲ್ಲ ನುಣುಪು. ದುಂಡನೆಯ ಗುಂಡು ಅದರೊಳಗೆ ಅಲ್ಲಿ ಇಲ್ಲಿ ಬಡಿಯುತ್ತ ಹೊರಬೀಳುತ್ತಿತ್ತು. ನೂರು ಗಜ ದಾಟಿದ ಮೇಲೆ ಅದು ಎತ್ತ ಹೋದೀತೆಂದು ಹೊಡೆದವನಿಗೂ ಹೇಳಲಾಗದು.

ಈಚೆಗೆ ಸೇಡಂನ ಹಿರಿಯರೊಬ್ಬರು ಲೈಸೆನ್ಸಿರುವ ಹಳೆಯ ಬಂದೂಕೊಂದನ್ನು ತೋರಿಸಿದರು. "ಎನ್‌ಫೀಲ್ಡ್ ರೈಫಲ್ ಅದರೀ ಸರ, ನಮ್ಮ ಮುತ್ಯಾನ ಕಾಲದ್ದು." ಕುದುರೆಯ ಪಕ್ಕದ ತಗಡಿನಲ್ಲಿ ಕಿರೀಟದ ಮುದ್ರೆ ಸ್ಪಷ್ಟವಾಗಿತ್ತು. ನಳಿಗೆಗೆ ಗಜದ ಕಡ್ಡಿ ಇಳಿಸಿ, ಒಳಗೆ ಮದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಯಿಗೆ ಟಾರ್ಚ್ ಹಿಡಿದೆ. ರೈಫಲ್ಲಿಗೆ ಇರಲೇಬೇಕಾದ ಸುರುಳಿ ಗೀರುಗಳೇ ಇಲ್ಲ! ಗುರಿಪಟ್ಟಿಯೂ ಏರಿಸಿ ಇಳಿಸುವಂಥದ್ದಲ್ಲ, ಬೆಸೆದು ಕೂರಿಸಿದ್ದು.

1853ರ ಎನ್‌ಫೀಲ್ಡಿನ ಬಾಯಳತೆ 0.577 ಅಂಗುಲ. ನಳಿಗೆಯುದ್ದ 39 ಅಂಗುಲ, ಒಳಗೆ ಮೂರು ಗೀರು, ತುದಿ ಮುಟ್ಟುವಷ್ಟರಲ್ಲಿ ಬರೀ ಅರ್ಧ ಸುತ್ತು. ಬುಡ ಪೊಳ್ಳಾದ ಸೀಸದ ಗುಂಡು ಮದ್ದು ಸಿಡಿದಾಗ ಅರಳಿ ಗೀರು ಕಚ್ಚಿ, ತಿರುಗುತ್ತ ಹೊರಡುತ್ತದೆ. ಆ ಅರ್ಧ ಸುತ್ತಿನ ಬಲದಲ್ಲೇ ಗುರಿಪಟ್ಟಿಯಲ್ಲಿ 900 ಗಜದ ಗುರುತು ಕೊರೆದಿದ್ದರು. 1857ರ ಬಂಡಾಯದ ನಂತರ ಬ್ರಿಟಿಷರು ಏನು ಮಾಡಿದರು ನೋಡಿ: ಭಾರತೀಯ ಸಿಪಾಯಿಗಳಿಗೆ ಕೊಡುವ ಎನ್‌ಫೀಲ್ಡಿನ ಗೀರುಗಳನ್ನು ಕೊರೆದು ತೆಗೆದು, ಬಾಯನ್ನು 0.656 ಅಂಗುಲಕ್ಕೆ ಹಿಗ್ಗಿಸಿದರು. ಬಾಯಿ ದೊಡ್ಡದಾಯಿತು, ಗುರಿ ಹೋಯಿತು. ಹೊರಗಿನಿಂದ ನೋಡಿದರೆ ಅದೇ ಬಂದೂಕು. ಅಪನಂಬಿಕೆಯನ್ನು ಇಷ್ಟು ನಾಜೂಕಾಗಿ ಕಬ್ಬಿಣದಲ್ಲಿ ಕೊರೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಆಮೇಲೆ ಹೊಗೆಯಿಲ್ಲದ ಮದ್ದು ಬಂತು, ಬಾಯಿ 8 ಮಿಲಿಮೀಟರ್ ಆಸುಪಾಸಿಗೆ ಕಿರಿದಾಯಿತು. ಅದು ಮತ್ತೆ ಹಿರಿದಾದದ್ದು ಟ್ಯಾಂಕುಗಳ ಕಾರಣಕ್ಕೆ. 1918ರಲ್ಲಿ ಜರ್ಮನರು 13.2 ಮಿ.ಮೀ. ಮೌಸರ್ ತಂದರು. ಮುಂದೆ ಟ್ಯಾಂಕಿನ ತೊಗಲು ದಪ್ಪವಾಗಿ ಅಂಥ ರೈಫಲ್ ಮೂಲೆ ಸೇರಿತು. 1982ರ ಬ್ಯಾರೆಟ್ ರೈಫಲ್ 12.7 ಮಿ.ಮೀ. ಅಳತೆಗೆ ಹೊಸ ಕೆಲಸ ಹುಡುಕಿಕೊಟ್ಟಿತು: ರಾಡಾರ್, ಇಂಧನದ ಟ್ಯಾಂಕರ್, ನಿಂತ ವಿಮಾನ. ನಮ್ಮ ತಿರುಚಿರಾಪಳ್ಳಿ ಕಾರ್ಖಾನೆಯ 'ವಿಧ್ವಂಸಕ' ಇದೇ ಕುಲದ್ದು. ನಳಿಗೆ ಬದಲಿಸಿದರೆ 20 ಮಿ.ಮೀ. ಗುಂಡನ್ನೂ ಹಾರಿಸುತ್ತದೆ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್‌ನ 'ಸೇಬರ್' ಮಾತ್ರ 8.6 ಮಿ.ಮೀ. ಬಾಯಲ್ಲೇ 1,500 ಮೀಟರ್ ಮುಟ್ಟುತ್ತದೆ. ನನ್ನ ಒಲವು ಅದರ ಕಡೆಗೇ.

ಸೇಡಂನ ಹಿರಿಯರಿಗೆ ಗೀರಿನ ವಿಷಯ ಹೇಳಿದೆ. ಅವರೂ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು. "ಹಂಗಂದ್ರ ನಮ್ಮವರಿಗಿ ಬೇಕಂತನೇ ಕುರುಡು ಬಂದೂಕ ಕೊಟ್ಟಾರೇನ್ರಿ?" ಎಂದರು. ಹೌದೆಂದೆ. ಎಣ್ಣೆಯ ಅರಿವೆಯಿಂದ ನಳಿಗೆಯನ್ನು ಮೆಲ್ಲಗೆ ಒರೆಸಿ, ಮತ್ತೆ ಪೆಟ್ಟಿಗೆಯಲ್ಲಿ ಮಲಗಿಸಿದರು.