ಕಲ್ಲು ಇಳಿಸಿದ ಮೇಲಿನ ಕಥೆ

ಕಳೆದ ವರ್ಷ ಒಂದು ಬೆಳಿಗ್ಗೆ ಚಹಾದ ಕಪ್ಪು ಎತ್ತಲು ಹೋದೆ, ಆಗಲಿಲ್ಲ. ಬಲ ಮೊಣಕೈಯ ಹೊರಮಗ್ಗುಲಿನಿಂದ ಮಣಿಕಟ್ಟಿನವರೆಗೆ ಯಾರೋ ತಂತಿ ಜಗ್ಗಿದ ಹಾಗೆ. ಹಿಂದಿನ ಸಂಜೆಯಷ್ಟೇ ಜಿಮ್ಮಿನಲ್ಲಿ 120 ಕೆಜಿ ಡೆಡ್‌ಲಿಫ್ಟ್ ಹೊಡೆದಿದ್ದ ಕೈ ಅದು. ಮೊದಲು ನಗು ಬಂತು. ಆಮೇಲೆ ಹೆದರಿಕೆ ಬಂತು, ಯಾಕಂದ್ರೆ ನನ್ನ ಹೊಟ್ಟೆಪಾಡು ಇರೋದೇ ಕೀಬೋರ್ಡಿನ ಮೇಲೆ.

ಟ್ರೇನರ್‌ಗೆ ಹೇಳಿದರೆ, "ಗ್ರಿಪ್ ವೀಕ್ ಇದೆ ಬ್ರೋ, ಗ್ರಿಪ್ಪರ್ ತಗೊಳ್ಳಿ" ಅಂದ. ತಗೊಂಡೆ. ಆಫೀಸ್ ಮೀಟಿಂಗಿನಲ್ಲಿ ಮ್ಯೂಟ್ ಮಾಡ್ಕೊಂಡು ಒತ್ತಿದ್ದೇ ಒತ್ತಿದ್ದು. ಎರಡು ವಾರಕ್ಕೆ ನಲ್ಲಿ ತಿರುಗಿಸೋದಕ್ಕೂ ಎಡಗೈ ಬೇಕಾಯ್ತು.

ಇದು ಆ ಟ್ರೇನರ್ ಮೇಲಿನ ದೂರಲ್ಲ. ಅವನಿಗೂ ನನಗೂ ಗುರು ಒಬ್ಬನೇ: ಮೂವತ್ತು ಸೆಕೆಂಡಿನ ವಿಡಿಯೋ. ಸಿನಿಮಾ, ಕಾದಂಬರಿಗಳನ್ನು ಕೂತು ವಿಮರ್ಶೆ ಮಾಡುವ ನಾವು, ದಿನಕ್ಕೆ ನೂರು ಸಲ ನೋಡುವ ಈ ಪ್ರಕಾರವನ್ನು ಮಾತ್ರ ಪ್ರಶ್ನೆಯಿಲ್ಲದೆ ನುಂಗುತ್ತೇವೆ.

ಮೊದಲು ವಿಜ್ಞಾನದ ವೇಷ ಹಾಕಿಕೊಂಡು ಬರುವಂಥದ್ದು. "ಹಿಡಿತ ಗಟ್ಟಿ ಇದ್ದರೆ ಆಯಸ್ಸು ಗಟ್ಟಿ." ಇದರ ಹಿಂದೆ ನಿಜವಾದ ಅಧ್ಯಯನ ಇದೆ, ಸುಳ್ಳೇನಲ್ಲ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು, 17 ದೇಶಗಳ ಸುಮಾರು 1.4 ಲಕ್ಷ ಜನರ ಮೇಲೆ ನಡೆಸಿದ್ದು, ಅದರಲ್ಲಿ ಭಾರತದವರೂ ಇದ್ದರು. ಹಿಡಿತ 5 ಕೆಜಿ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇಕಡ 16ರಷ್ಟು ಹೆಚ್ಚು ಕಂಡಿತು. ಆದರೆ ಹಿಡಿತ ಅಲ್ಲಿ ಇಡೀ ದೇಹದ ಸ್ಥಿತಿ ತೋರಿಸುವ ಮುಳ್ಳು ಅಷ್ಟೇ. ಪೆಟ್ರೋಲ್ ಮೀಟರಿನ ಮುಳ್ಳನ್ನು ಬೆರಳಿನಿಂದ ಮೇಲೆ ತಳ್ಳಿದರೆ ಟ್ಯಾಂಕ್ ತುಂಬುತ್ತದೆಯೇ? ವಿಡಿಯೋ ನಮಗೆ ಮಾರುವುದು ಆ ಮುಳ್ಳನ್ನು.

ಇನ್ನೊಂದು ನಮ್ಮೂರಿನದೇ. ನಾನು ಬನಹಟ್ಟಿಯವನು. ನಮ್ಮ ಸೀಮೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡು, ಉಸುಕಿನ ಚೀಲ ಎತ್ತುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದವನು. ಅದೇ ದೃಶ್ಯಗಳು ಈಗ ಡೊಳ್ಳಿನ ಸದ್ದಿನ ಜೊತೆ ಫೋನಿಗೆ ಬರುತ್ತವೆ. ಕೆಳಗೆ ಒಂದು ಸಾಲು: "ನಮ್ಮ ಹಿರಿಯರಿಗೆ ಜಿಮ್ ಬೇಕಿರಲಿಲ್ಲ." ಮೈ ಜುಮ್ಮೆನ್ನುತ್ತದೆ, ಒಪ್ಪುತ್ತೇನೆ. ಆದರೆ ಗುಂಡುಕಲ್ಲಿಗೆ ಹಿಡಿಕೆ ಇಲ್ಲ. ಅದನ್ನು ತೊಡೆಗೆ ಹತ್ತಿಸಿ, ಎದೆಗೆ ಅವಚಿ, ಸೊಂಟದ ಬಲದಿಂದ ಹೆಗಲಿಗೆ ತರುತ್ತಾರೆ. ಬೆರಳು ಮಡಚುವ ಕೆಲಸ ಅದರಲ್ಲಿ ಕಡಿಮೆ, ಅಪ್ಪಿಕೊಳ್ಳುವ ಕೆಲಸ ಹೆಚ್ಚು. ಕಲ್ಲು ಬೀಳುತ್ತದೆ, ಶಿಳ್ಳೆ ಬೀಳುತ್ತದೆ, ವಿಡಿಯೋ ಮುಗಿಯುತ್ತದೆ. ಮರುದಿನದ ಮೈಕೈ ನೋವು, ಗರಡಿಮನೆಯ ಎಣ್ಣೆ ಮಾಲೀಸು, ಉಸ್ತಾದ "ಇವತ್ತ ಬ್ಯಾಡ, ಸುಮ್ನ ಕೂಡು" ಅಂದದ್ದು, ಇದೆಲ್ಲ ಕತ್ತರಿಗೆ ಹೋಗಿರುತ್ತದೆ. ಪರಂಪರೆ ಅಂತ ನಮಗೆ ಸಿಗುವುದು ಅದರ ಅರ್ಧ ಮಾತ್ರ.

ನಾವು ಸಚಿನ್‌ಗೂ ಹಾಗೇ ಮಾಡಿದ್ದೇವೆ. ಟೆನಿಸ್ ಎಲ್ಬೋ ಎಂಬ ಶಬ್ದ ನಮ್ಮ ಮನೆಗಳಿಗೆ ಬಂದದ್ದೇ ಅವರಿಂದ. 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಆಪರೇಷನ್ ಆಯಿತು. ಅಕ್ಟೋಬರಿನಲ್ಲಿ ನಾಗಪುರದಲ್ಲಿ ಶ್ರೀಲಂಕಾ ವಿರುದ್ಧ 93 ಹೊಡೆದರು. ಆ 93 ಎಲ್ಲರಿಗೂ ನೆನಪಿದೆ, ನಡುವಿನ ಐದು ತಿಂಗಳು ಯಾರಿಗೂ ನೆನಪಿಲ್ಲ.

ನನ್ನ ನೋವಿನ ಲೆಕ್ಕ ಕೊನೆಗೆ ಬಿಡಿಸಿಕೊಟ್ಟವರು ಒಬ್ಬ ಫಿಸಿಯೋಥೆರಪಿಸ್ಟ್. ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಮುಷ್ಟಿ ಬಿಗಿಮಾಡಿದಾಗ ಮಣಿಕಟ್ಟು ಒಳಕ್ಕೆ ಬಾಗದಂತೆ ತಡೆಯುವುದು ಮುಂಗೈಯ ಹಿಂಬದಿಯ ಸ್ನಾಯುಗಳು. ಅವು ಮೊಣಕೈಯ ಹೊರಗಿನ ಎಲುಬಿಗೆ ಅಂಟಿಕೊಂಡ ಜಾಗವೇ ನನಗೆ ನೋಯುತ್ತಿದ್ದದ್ದು. ಅಂದರೆ ಒಂದೊಂದು ಸಲ ಗ್ರಿಪ್ಪರ್ ಒತ್ತಿದಾಗಲೂ ಗಾಯದ ಮೇಲೇ ಎಳೆಯುತ್ತಿದ್ದೆ. ಡೆಡ್‌ಲಿಫ್ಟ್, ರೋ, ಪುಲ್‌ಅಪ್, ಬೈಕಿನ ಕ್ಲಚ್, ದಿನವಿಡೀ ಮೌಸ್, ಎಲ್ಲದರ ಬಿಲ್ಲೂ ಅದೇ ಒಂದು ಸ್ನಾಯುರಜ್ಜುವಿನ ಹೆಸರಿಗೆ. ಸ್ನಾಯು ಬೇಗ ಬಲಿಯುತ್ತದೆ, ರಜ್ಜು ನಿಧಾನ. ಡೆಡ್‌ಲಿಫ್ಟಿನ ಅಂಕಿ ಏರಿದ್ದು ಸ್ನಾಯುವಿನ ವೇಗದಲ್ಲಿ.

ಅದಕ್ಕೂ ಮುಂಚೆ ತಿಂಗಳು ಪೂರ್ತಿ ಕೈ ಕಟ್ಟಿ ಕೂತಿದ್ದೆ. ನೋವು ಹೋಯಿತು. ಖುಷಿಯಿಂದ ಹಳೇ ಭಾರಕ್ಕೇ ಕೈಹಾಕಿದೆ, ಮೂರನೇ ದಿನ ಮತ್ತೆ ಅದೇ ತಂತಿ. ಬರೀ ವಿಶ್ರಾಂತಿ ನೋವನ್ನು ಇಳಿಸುತ್ತದೆ, ಭಾರ ಹೊರುವ ಶಕ್ತಿಯನ್ನು ಬೆಳೆಸುವುದಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸ್ಕೊ ಅಂದ ಗೆಳೆಯರೂ ಇದ್ದರು. ಬ್ರಿಸ್ಬೇನ್‌ನಲ್ಲಿ 198 ರೋಗಿಗಳ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರನೇ ವಾರಕ್ಕೆ ಇಂಜೆಕ್ಷನ್ನಿನವರೇ ಮುಂದಿದ್ದರು. ವರ್ಷದ ಕೊನೆಗೆ ನೋಡಿದರೆ, ಫಿಸಿಯೋಥೆರಪಿ ಮಾಡಿಸಿಕೊಂಡವರಿಗಿಂತ, ಅಷ್ಟೇ ಯಾಕೆ, ಸುಮ್ಮನೆ ಕಾದು ನೋಡಿದವರಿಗಿಂತಲೂ ಹಿಂದೆ ಬಿದ್ದಿದ್ದರು.

ನನಗೆ ಸಿಕ್ಕ ಮದ್ದು ವಿಡಿಯೋ ಮಾಡಲು ಲಾಯಕ್ಕಾದದ್ದಲ್ಲ. ಎರಡು ಕೆಜಿ ಡಂಬೆಲ್. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ. ಎಡಗೈಯಿಂದ ಮೇಲೆತ್ತಿ, ಬಲಗೈಯಿಂದ ಐದು ಎಣಿಸುತ್ತ ನಿಧಾನಕ್ಕೆ ಇಳಿಸುವುದು. ಸ್ವಲ್ಪ ನೋವು ಪರವಾಗಿಲ್ಲ, ಮರುದಿನಕ್ಕೆ ಹೆಚ್ಚಾಗಬಾರದು. ಗ್ರಿಪ್ಪರ್ ಡ್ರಾಯರಿಗೆ. ಡೆಡ್‌ಲಿಫ್ಟಿಗೆ ಸ್ಟ್ರಾಪ್. ಸ್ಟ್ರಾಪ್ ಹಾಕೋದು ಮೋಸ ಅನ್ನುವ ವಿಡಿಯೋಗಳೂ ಇವೆ, ಇರಲಿ. ಬೆರಳು ಜೋಮು ಹಿಡಿದರೆ, ಹಿಡಿದದ್ದು ಕೈಯಿಂದ ಜಾರಿದರೆ ಅದು ನರದ ವಿಷಯ ಇರಬಹುದು, ಡಾಕ್ಟರ್ ಹತ್ತಿರ ಬನ್ನಿ ಅಂತಲೂ ಹೇಳಿದರು. ನನಗೆ ಹಾಗಾಗಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಮೇಜಿನ ಮೇಲೆ ಕೈಯಿಟ್ಟು ಇದನ್ನೇ ಮಾಡ್ತಾ ಕೂತಿದ್ದೆ. ಕಾಕಾ ಬಂದು ನೋಡಿದರು. ಪಾವರ್‌ಲೂಮಿನಲ್ಲಿ ಮೂವತ್ತು ವರ್ಷದಿಂದ ಎರಡು ಮಗ್ಗ ನೋಡಿಕೊಂಡವರು. ಎಳೆ ಹರಿದಾಗೆಲ್ಲ ಮಗ್ಗ ನಿಲ್ಲಿಸಿ, ಬೆರಳ ತುದಿಯಲ್ಲಿ ಚಿವುಟಿ ಗಂಟು ಹಾಕಿದ ಕೈ ಅದು, ದಿನಕ್ಕೆ ಎಷ್ಟು ಸಲವೋ.

"ಏನ್ ತಮ್ಮಾ, ಕೈಗೆ ಏನಾತು?"

ಹೇಳಿದೆ. ಎಲ್ಲಿ ನೋಯ್ತಿತ್ತು ಅಂತ ತೋರಿಸಿದೆ. ಅವರು ತಮ್ಮ ಬಲಗೈ ಮಡಚಿ, ಸರಿಯಾಗಿ ಅದೇ ಜಾಗದ ಮೇಲೆ ಹೆಬ್ಬೆರಳು ಒತ್ತಿದರು. "ಇಲ್ಲೇ ಹೌದಿಲ್ಲೋ? ನನಗ ಹನ್ನೆರಡು ವರ್ಷ ಆತು."

ಏನು ಮಾಡ್ತೀರಿ ಕಾಕಾ ಅಂದೆ. ರಾತ್ರಿ ಅರಿವಿ ಬಿಗದು ಕಟ್ಟಿಕೊಂಡು ಮಲಗೋದು ಅಂದರು. ನಾನು ಉತ್ಸಾಹದಲ್ಲಿ ಎಲ್ಲ ವಿವರಿಸಿದೆ: ಭಾರ ಕಡಿಮೆ ಮಾಡಬೇಕು, ಕೆಲವು ತಿಂಗಳು ಅರ್ಧ ಕೆಲಸ ಅಷ್ಟೇ ಮಾಡಬೇಕು, ನಿಧಾನಕ್ಕೆ ಏರಿಸಬೇಕು. ಪೂರ್ತಿ ಕೇಳಿಸಿಕೊಂಡರು.

"ಛಲೋ ಐತಿ. ಖರೆ ಕೂಲಿ ಸೀರಿ ಲೆಕ್ಕದ ಮ್ಯಾಲ ಐತಲ್ಲೋ ತಮ್ಮಾ. ಅರ್ಧ ಮಗ್ಗ ಹೆಂಗ ನಡಸ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಡಂಬೆಲ್ ಅವರ ಕೈಗೆ ಕೊಟ್ಟೆ, ಐದು ಎಣಿಸುತ್ತ ಇಳಿಸುವುದನ್ನು ತೋರಿಸಿದೆ. ಮೂರು ಸಲ ಮಾಡಿದರು. ನಾಲ್ಕನೆಯದಕ್ಕೆ ಮಗ್ಗದ ಹೊತ್ತಾಯಿತು ಅಂತ ಎದ್ದು ಹೋದರು. ಬೆಂಗಳೂರಿಗೆ ಹೊರಡುವಾಗ ಡಂಬೆಲ್ ಅಲ್ಲೇ ಬಿಟ್ಟುಬಂದೆ. ಕಾಕೂ ಅದನ್ನು ಬಾಗಿಲಿಗೆ ಆನಿಸಿ ಇಟ್ಟಿದ್ದಾರಂತೆ, ಗಾಳಿಗೆ ಬಡಿಯದಿರಲಿ ಅಂತ. ಆದರೂ ಕಾಕಾ ರಾತ್ರಿ ಊಟ ಆದಮೇಲೆ ಒಮ್ಮೊಮ್ಮೆ ಎತ್ತಿಕೊಳ್ಳುತ್ತಾರೆ ಅಂದರು ಫೋನಿನಲ್ಲಿ.