ಜಿರಳೆ ಎಂದು ಬೈದರೆ ಮುಗಿಯಿತೇ?

ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯಕ್ಕೆ ಒಂದು ಸಣ್ಣ ಇಂಗ್ಲಿಷ್ ಪುಸ್ತಕ ಬಂತು. ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ಅಕ್ಕನ ಮಗಳು ರಜೆಯಲ್ಲಿ ಬಂದವಳು ಬಿಟ್ಟುಹೋದದ್ದು. ಇಯಾನ್ ಮೆಕ್‌ಈವನ್ ಬರೆದ 'ದಿ ಕಾಕ್ರೋಚ್', ಅಂದರೆ ಜಿರಳೆ. 2019ರಲ್ಲಿ ಬಂದದ್ದು, ಸುಮಾರು ನೂರು ಪುಟ. "ಓದಿ ನೋಡಿ ಮಾವ, ಅಲ್ಲಿಯ ರಾಜಕಾರಣಿಗಳ ಬಣ್ಣ ಪೂರಾ ಬಯಲು ಮಾಡಿದ್ದಾರೆ" ಅಂದಳು. ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ನಕ್ಕದ್ದು ಹೌದು. ಆದರೆ ನಗು ಮುಗಿದ ಮೇಲೆ ಬಾಯಲ್ಲಿ ಎಂತದೋ ಕಹಿ ಉಳಿಯಿತು. ಅದು ಎಂತದು ಎಂದು ಹುಡುಕುವುದೇ ಈ ಬರಹದ ಕೆಲಸ.

ಕಥೆ ಇಷ್ಟು. ಕಾಫ್ಕಾನ ಹೆಸರಾಂತ ಕಥೆಯಲ್ಲಿ ಗ್ರೆಗರ್ ಸಾಮ್ಸಾ ಎಂಬವನು ಬೆಳಿಗ್ಗೆ ಏಳುವಾಗ ಹುಳವಾಗಿರುತ್ತಾನೆ. ಮೆಕ್‌ಈವನ್ ಅದನ್ನು ತಿರುಗಿಸಿ ಹಾಕಿದ್ದಾರೆ. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಜಿರಳೆಯೊಂದು ಏಳುವಾಗ ಪ್ರಧಾನಿ ಜಿಮ್ ಸಾಮ್ಸ್ ಆಗಿದೆ. ಮಂತ್ರಿಮಂಡಲದ ಸಭೆಗೆ ಹೋದರೆ ಅಲ್ಲಿ ಹೆಚ್ಚಿನವರೂ ತನ್ನ ಜಾತಿಯವರೇ. ಕಣ್ಣಿಗೆ ಕಣ್ಣು ಸೇರಿದೊಡನೆ ಗುರುತು ಸಿಗುತ್ತದೆ. ಇವರೆಲ್ಲ ಸೇರಿ ತರಲು ಹೊರಟದ್ದು ದುಡ್ಡು ಹಿಂದುಮುಂದಾಗಿ ಹರಿಯುವ ಒಂದು ವ್ಯವಸ್ಥೆ. ಕೆಲಸ ಮಾಡಿದವನೇ ಧಣಿಗೆ ಸಂಬಳ ಕೊಡಬೇಕು, ಅಂಗಡಿಯವನು ಸಾಮಾನಿನೊಟ್ಟಿಗೆ ದುಡ್ಡನ್ನೂ ಕೊಡಬೇಕು. ಬ್ರೆಕ್ಸಿಟ್ ಎಂಬ ಮಾತಿನ ಜಾಗದಲ್ಲಿ ಲೇಖಕರು ಇಟ್ಟದ್ದು ಈ ಹುಚ್ಚನ್ನು. ಇದನ್ನೆಲ್ಲ ಯಾಕೆ ಮಾಡುತ್ತೀರಿ ಎಂದು ಜರ್ಮನಿಯ ಚಾನ್ಸಲರ್ ಕೇಳಿದಾಗ ಪ್ರಧಾನಿಯ ಹತ್ತಿರ ಹೇಳಲು ಏನೂ ಇಲ್ಲ. ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಹಿಡಿಸಿದ ಜಾಗ ಅದು.

ಇಷ್ಟು ಸಿಟ್ಟು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಆ ಮೂರು ವರ್ಷಗಳನ್ನು ನೆನಪಿಸಬೇಕು. 2016ರ ಜೂನ್ 23ರಂದು ನಡೆದ ಜನಮತದಲ್ಲಿ ಯುರೋಪಿಯನ್ ಒಕ್ಕೂಟ ಬಿಡೋಣ ಎಂದವರು ನೂರರಲ್ಲಿ 51.9, ಇರೋಣ ಎಂದವರು 48.1. ಬಿಡುವುದು ಹೇಗೆ ಎಂಬ ಪ್ರಶ್ನೆಯನ್ನು ಮತಪತ್ರ ಕೇಳಿರಲಿಲ್ಲ. ಪ್ರಧಾನಿ ತೆರೇಸಾ ಮೇ ಎರಡು ವರ್ಷ ಮಾತುಕತೆ ನಡೆಸಿ ತಂದ ಒಪ್ಪಂದವನ್ನು 2019ರ ಜನವರಿ 15ರಂದು ಪಾರ್ಲಿಮೆಂಟ್ 432ಕ್ಕೆ 202 ಮತಗಳಿಂದ ಎತ್ತಿ ಬಿಸಾಡಿತು. ಮಾರ್ಚಿನಲ್ಲಿ ಮತ್ತೆ ಎರಡು ಸಲ ತಂದರು, ಎರಡು ಸಲವೂ ಸೋತಿತು. ಹಾಗಾದರೆ ನಿಮಗೆ ಬೇಕಾದದ್ದು ಯಾವುದು ಎಂದು ಸದಸ್ಯರ ಮುಂದೆ ಎಂಟು ದಾರಿಗಳನ್ನು ಇಟ್ಟು ಮತ ಹಾಕಿಸಿದರು. ಎಂಟರಲ್ಲಿ ಒಂದಕ್ಕೂ ಬಹುಮತ ಸಿಗಲಿಲ್ಲ! ಈ ನಡುವೆ, ಒಪ್ಪಂದವಿಲ್ಲದೆ ಹೊರಬಿದ್ದರೆ ಸಾಮಾನು ಸಾಗಿಸಲು ಬೇಕೆಂದು 1 ಕೋಟಿ 38 ಲಕ್ಷ ಪೌಂಡಿನ ಗುತ್ತಿಗೆಯನ್ನು ಒಂದೂ ಹಡಗಿಲ್ಲದ ಕಂಪೆನಿಗೆ ಕೊಟ್ಟು, ಮತ್ತೆ ವಾಪಸು ತೆಗೆದರು. ಇದೆಲ್ಲ ನಡೆಯುವಾಗ ಅಕ್ಕನ ಮಗಳು ಫೋನಿನಲ್ಲಿ ಹೇಳುತ್ತಿದ್ದಳು: "ಮಾವ, ಇಲ್ಲಿ ಟಿ.ವಿ. ಹಾಕಲಿಕ್ಕೇ ಬೇಜಾರು. ಒಬ್ಬನಿಗೂ ಎಂತ ಮಾಡಬೇಕೂಂತ ಗೊತ್ತಿಲ್ಲ."

ಹಾಗಿರುವಾಗ ಲೇಖಕನೊಬ್ಬ ಇವರೆಲ್ಲ ಮನುಷ್ಯರೇ ಅಲ್ಲ, ಜಿರಳೆಗಳು ಎಂದರೆ ಜನ ಚಪ್ಪಾಳೆ ತಟ್ಟುವುದು ಸಹಜ. ನನ್ನ ತಕರಾರು ಶುರುವಾಗುವುದು ಅಲ್ಲಿಂದಲೇ.

ಮೊದಲನೆಯದು, ಬೇಸತ್ತವರೆಲ್ಲ ಒಂದೇ ಕಾರಣಕ್ಕೆ ಬೇಸತ್ತಿರಲಿಲ್ಲ. ಇದು ಶುರುವಾದದ್ದೇ ತಪ್ಪು ಎಂದು ಸಿಟ್ಟಾದವರಿದ್ದರು. ಒಕ್ಕೂಟ ಬಿಡುವ ತೀರ್ಮಾನ ರದ್ದಾಗಲಿ ಎಂಬ ಮನವಿಗೆ ಆ ಮಾರ್ಚಿನಲ್ಲಿ 60 ಲಕ್ಷಕ್ಕಿಂತ ಹೆಚ್ಚು ಜನ ಸಹಿ ಹಾಕಿದ್ದರು. ನಾವು ಮತ ಹಾಕಿ ಮೂರು ವರ್ಷವಾದರೂ ಮುಗಿಸುವುದಿಲ್ಲವಲ್ಲ ಎಂದು ಸಿಟ್ಟಾದವರೂ ಇದ್ದರು. 2019ರ ಮೇ ತಿಂಗಳ ಯುರೋಪಿಯನ್ ಚುನಾವಣೆಯಲ್ಲಿ ಹೊಸತಾಗಿ ಹುಟ್ಟಿದ ಬ್ರೆಕ್ಸಿಟ್ ಪಾರ್ಟಿಯನ್ನು ಮೊದಲ ಸ್ಥಾನಕ್ಕೆ ತಂದವರು ಇವರು. ಮೆಕ್‌ಈವನ್ನರ ಪುಸ್ತಕಕ್ಕೆ ಮೊದಲಿನವರ ಸಿಟ್ಟು ಚೆನ್ನಾಗಿ ಗೊತ್ತುಂಟು. ಎರಡನೆಯವರು ಅಲ್ಲಿ ಮೋಸಹೋದ ಗುಂಪು ಮಾತ್ರ. ಇವರ ಊರಿನಲ್ಲಿ ಏನಾಗಿತ್ತು, ಯಾಕೆ ಹೀಗೆ ಮತ ಹಾಕಿದರು ಎಂದು ಕೇಳುವ ಪುರುಸೊತ್ತು ಕಥೆಗೆ ಇಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಜಿರಳೆ ಜಿರಳೆಯ ಹಾಗೆ ನಡೆದರೆ ಅದರ ಮೇಲೆ ತಪ್ಪು ಹೊರಿಸುವುದು ಹೇಗೆ? ಅದರ ಗುಣವೇ ಹಾಗೆ. ಆದರೆ ನಿಜದಲ್ಲಿ ಆ ಕೋಣೆಗಳಲ್ಲಿ ಕೂತಿದ್ದವರು ಮನುಷ್ಯರು, ಓದಿದವರು. ಒಕ್ಕೂಟಕ್ಕೆ ಕೊಡುವ ವಾರಕ್ಕೆ 35 ಕೋಟಿ ಪೌಂಡನ್ನು ಆಸ್ಪತ್ರೆಗಳಿಗೆ ಕೊಡೋಣ ಎಂದು ಬಸ್ಸಿನ ಮೇಲೆ ಬರೆಸಿದವರಿಗೆ ಆ ಲೆಕ್ಕ ಸರಿಯಲ್ಲ ಎಂದು ಅಂಕಿಅಂಶದ ಪ್ರಾಧಿಕಾರವೇ ಹೇಳಿತ್ತು. ಆದರೂ ಬಸ್ಸು ಓಡಿತು. ಒಕ್ಕೂಟ ಬಿಟ್ಟರೆ ಏನೋ ಒಂದನ್ನು ಕಳೆದುಕೊಳ್ಳಲೇಬೇಕು ಎಂಬ ಸಣ್ಣ ಸತ್ಯವನ್ನು ಮತದಾರರ ಮುಖ ನೋಡಿ ಹೇಳುವ ಧೈರ್ಯ ಹೆಚ್ಚಿನವರಿಗೆ ಬರಲಿಲ್ಲ. ಇದು ಹುಳದ ಗುಣವಲ್ಲ, ಪುಕ್ಕಲುತನ. ಮನುಷ್ಯರ ದೋಷವಾದ್ದರಿಂದ ಅದಕ್ಕೆ ಲೆಕ್ಕ ಕೇಳಬಹುದು, ಕೇಳಬೇಕು.

ಕಾಸರಗೋಡಿನಲ್ಲಿ ಕೂತು ಓದುವ ನನಗೆ ಹೆಚ್ಚು ಚುಚ್ಚಿದ್ದು ಇನ್ನೊಂದು. ಈ ಕಥೆಯ ಕಣ್ಣು ಡೌನಿಂಗ್ ಸ್ಟ್ರೀಟಿನ ಆಸುಪಾಸಿನಲ್ಲೇ ಸುತ್ತುತ್ತದೆ. ಆದರೆ ನಿಜವಾದ ಮಾತುಕತೆ ಕಟ್ಟಿನಿಂತದ್ದು ಲಂಡನ್ನಿನ ಯಾವ ಕೋಣೆಯಲ್ಲೂ ಅಲ್ಲ, ಐರ್ಲೆಂಡಿನ ಗಡಿಯಲ್ಲಿ. ಸುಮಾರು 500 ಕಿಲೋಮೀಟರ್ ಉದ್ದದ ಆ ಗಡಿಯನ್ನು 200ಕ್ಕಿಂತ ಹೆಚ್ಚು ರಸ್ತೆಗಳು ದಾಟುತ್ತವೆ. 1998ರ ಒಪ್ಪಂದದ ನಂತರ ಅಲ್ಲಿ ಸೈನಿಕರ ಕಾವಲು ಹೋಗಿ, ಹಾಲಿನ ಲಾರಿಯೂ ಶಾಲೆಯ ಮಕ್ಕಳೂ ನಿಲ್ಲದೆ ದಾಟುತ್ತಿದ್ದರು. ಬ್ರಿಟನ್ ಒಕ್ಕೂಟದ ಹೊರಗೆ, ಐರ್ಲೆಂಡ್ ಒಳಗೆ ಎಂದಾದರೆ ಈ ಗೆರೆಯಲ್ಲಿ ತಪಾಸಣೆ ಬರಬೇಕು. ಬಂದರೆ ಹಳೇ ಗಾಯ ಒಡೆಯುತ್ತದೆ. ಜನಮತದ ಮೊದಲು ಇಂಗ್ಲೆಂಡಿನಲ್ಲಿ ಇದನ್ನು ಚರ್ಚಿಸಿದವರು ಬಹಳ ಕಡಿಮೆ. ಉತ್ತರ ಐರ್ಲೆಂಡಿನ ಖಾತೆಯ ಮಂತ್ರಿಯಾಗಿದ್ದ ಕ್ಯಾರನ್ ಬ್ರಾಡ್ಲಿ, ಅಲ್ಲಿಯ ಎರಡು ಪಂಗಡದವರು ಚುನಾವಣೆಯಲ್ಲಿ ಒಬ್ಬರ ಪಕ್ಷಕ್ಕೆ ಇನ್ನೊಬ್ಬರು ಮತ ಹಾಕುವುದಿಲ್ಲ ಎಂಬುದು ಆ ಕೆಲಸಕ್ಕೆ ಬರುವ ಮೊದಲು ತನಗೆ ತಿಳಿದಿರಲಿಲ್ಲ ಎಂದು 2018ರಲ್ಲಿ ತಾನೇ ಒಪ್ಪಿಕೊಂಡರು. ಕೊನೆಗೆ ಬೋರಿಸ್ ಜಾನ್ಸನ್ ಮಾಡಿದ್ದೇನು? ತಪಾಸಣೆಯನ್ನು ನೆಲದ ಗಡಿಯಿಂದ ಎತ್ತಿ ಬ್ರಿಟನ್ ಮತ್ತು ಉತ್ತರ ಐರ್ಲೆಂಡಿನ ನಡುವಿನ ಸಮುದ್ರಕ್ಕೆ ಹಾಕಿದರು.

ಗೆರೆ ಎಳೆಯುವವರು ಬೇರೆ, ದಾಟುವವರು ಬೇರೆ ಎಂಬುದು ನಮಗೆ ಯಾರೂ ಕಲಿಸಬೇಕಾದ ಪಾಠವಲ್ಲ. 1956ರ ಗೆರೆ ನಮ್ಮ ಅಂಗಳದಲ್ಲಿ ಬಿದ್ದದ್ದು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ಆಯೋಗದ ವರದಿ 1967ರಿಂದ ಹಾಗೆಯೇ ಉಂಟು. 2020ರ ಮಾರ್ಚಿನಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ರೋಗಿಗಳ ಪಾಡು ಏನಾಯಿತು ಎಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಐರ್ಲೆಂಡಿನ ಗಡಿಯ ಹಾಲಿನವನು ನನಗೆ ಅರ್ಥವಾಗುತ್ತಾನೆ. ಬ್ರೆಕ್ಸಿಟ್ಟಿನ ಮೇಲೆ ವಿಡಂಬನೆ ಬರೆಯುವವರು ಅವನ ಮನೆಯ ಮುಂದೆ ಒಂದು ಗಳಿಗೆಯಾದರೂ ನಿಲ್ಲಬೇಕಿತ್ತು.

ಈಗ ಬಾಯಲ್ಲಿ ಉಳಿದ ಕಹಿಗೆ ಬರುತ್ತೇನೆ. ಪುಸ್ತಕ ಬಂದದ್ದು 2019ರ ಸೆಪ್ಟೆಂಬರಿನಲ್ಲಿ. ಡಿಸೆಂಬರ್ 12ರಂದು ಚುನಾವಣೆ ನಡೆಯಿತು. ಜಾನ್ಸನ್ ಹೇಳಿದ್ದು ಒಂದೇ ಮಾತು: ಬ್ರೆಕ್ಸಿಟ್ ಮುಗಿಸಿಬಿಡೋಣ. ಹೇಗೆ, ಯಾರ ಖರ್ಚಿನಲ್ಲಿ ಎಂಬ ವಿವರ ಕೇಳುವ ತಾಳ್ಮೆ ಹೆಚ್ಚಿನವರಲ್ಲಿ ಉಳಿದಿರಲಿಲ್ಲ. 80 ಸೀಟುಗಳ ಬಹುಮತ ಸಿಕ್ಕಿತು. ಅಂದರೆ ಜನರ ಬೇಸರವನ್ನು ಹುಟ್ಟಿಸಿದವರೇ ಅದನ್ನು ಕೊಯ್ದು ಕಣಜಕ್ಕೆ ತುಂಬಿದರು. ಹೇಸಿಗೆಪಟ್ಟು ಮುಖ ತಿರುಗಿಸಿದವನು ಕೊನೆಗೆ ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾನೆ. ಜಿರಳೆಯ ಕಥೆ ನಮ್ಮಲ್ಲಿ ಹೇಸಿಗೆ ಹುಟ್ಟಿಸುತ್ತದೆ, ಪ್ರಶ್ನೆ ಹುಟ್ಟಿಸುವುದಿಲ್ಲ. ಅದರ ಸೋಲು ಅಲ್ಲಿದೆ.

ಅಕ್ಕನ ಮಗಳು 2016ರಲ್ಲಿ ಮತ ಹಾಕಿದ್ದಳು. ಅಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕು ಇತ್ತು. ಅವಳೊಟ್ಟಿಗೆ ಅದೇ ವಾರ್ಡಿನಲ್ಲಿ ದುಡಿಯುವ ಸ್ಪೇನಿನ ನರ್ಸಿಗೆ ಇರಲಿಲ್ಲ. ತೀರ್ಮಾನವಾದದ್ದು ಮಾತ್ರ ಆ ಸ್ಪೇನಿನವಳ ಬದುಕು. "ನಾನು ಯಾವುದಕ್ಕೆ ಹಾಕಿದೆ ಎಂದು ಅವಳು ಕೇಳಲಿಲ್ಲ ಮಾವ, ನಾನೂ ಹೇಳಲಿಲ್ಲ" ಅಂದಳು. ಈ ಒಂದು ಮಾತಿನಲ್ಲಿ ಇರುವಷ್ಟು ಬ್ರೆಕ್ಸಿಟ್ ಆ ನೂರು ಪುಟಗಳಲ್ಲಿ ನನಗೆ ಸಿಗಲಿಲ್ಲ.

ನಮ್ಮ ವಾಚನಾಲಯದ ಜಗಲಿಯಲ್ಲಿ ಸಂಜೆ ಪೇಪರ್ ಮಡಚಿಡುತ್ತಾ ಯಾರಾದರೊಬ್ಬರು ಹೇಳುವುದುಂಟು: "ಎಲ್ಲಾ ಒಂದೇ ಮಾರಾಯ್ರೇ, ಒಬ್ಬನೂ ಸರಿ ಇಲ್ಲ." ನಾನೂ ಹೇಳಿದವನೇ. ಪುಸ್ತಕ ಓದಿದ ಮೇಲೆ ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಪುಸ್ತಕವನ್ನು ಕಪಾಟಿನಲ್ಲಿ ಇಟ್ಟಿದ್ದೇನೆ. ತೆಗೆದು ಓದಿ, ನಗಿ. ಆಮೇಲೆ ಯಾರು, ಯಾವಾಗ, ಏನು ಹೇಳಿ, ಏನು ಮುಚ್ಚಿಟ್ಟರು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಪುಸ್ತಕ ಬಿಟ್ಟ ಕೆಲಸ ಅದು.